ಮೀಟರ್ ಇಲ್ಲದ ಮೆಕ್ಯಾನಿಕ್: ಮನೆಗೆ ಬರುವ ಗೀಜರ್ ಸರ್ವಿಸ್ ಹೇಗಿದೆ?

ಬೆಂಗಳೂರಿನಲ್ಲಿ ಗೀಜರ್ ಕೆಟ್ಟರೆ ಮೂರು ದಾರಿಗಳಿವೆ. ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಬಹುದು, ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಬಹುದು, ಇಲ್ಲವೇ ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯವರಿಗೆ ಹೇಳಿ ಕಳಿಸಬಹುದು. ದರ ಬೇರೆ, ಯೂನಿಫಾರ್ಮ್ ಬೇರೆ, ಆದರೆ ಮೂರೂ ಕಡೆ ಕೆಲಸ ಎಡವುವುದು ಒಂದೇ ಜಾಗದಲ್ಲಿ. ಬಂದವರ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್ ಇರುತ್ತದೆ, ಟೆಸ್ಟರ್ ಇರುತ್ತದೆ, ಪೈಪ್ ರೆಂಚ್ ಇರುತ್ತದೆ. ಮಲ್ಟಿಮೀಟರ್ (ಓಮ್, ವೋಲ್ಟ್ ಅಳೆಯುವ ಸಾಧನ) ಇರುವುದಿಲ್ಲ, ಇದ್ದರೂ ಹೊರಗೆ ಬರುವುದಿಲ್ಲ. ಕವರ್ ಬಿಚ್ಚಿದ ಎರಡನೇ ನಿಮಿಷಕ್ಕೆ ‘ಕಾಯಿಲ್ ಹೋಗಿದೆ ಸಾರ್, ಥರ್ಮೋಸ್ಟಾಟೂ ವೀಕ್ ಆಗಿದೆ, ಎರಡೂ ಹಾಕಿಬಿಡೋಣ’ ಅನ್ನುತ್ತಾರೆ.

ಈ ವಿಮರ್ಶೆಗೆ ಗೀಜರನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಗೋಡೆಗೆ ತೂಗುಹಾಕುವ 15 ಅಥವಾ 25 ಲೀಟರಿನ ಮಾಮೂಲಿ ಗೀಜರಿನೊಳಗೆ ಕೆಡುವಂಥ ಸಾಮಾನುಗಳೇ ಆರೇಳು: ಎಲಿಮೆಂಟ್ (ಕಾಯಿಲ್ ಅನ್ನುವುದು ಇದಕ್ಕೇ), ಥರ್ಮೋಸ್ಟಾಟ್ (ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವುದು), ಥರ್ಮಲ್ ಕಟ್‌ಔಟ್ (ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವುದು), ಆನೋಡ್ ರಾಡ್, ಗ್ಯಾಸ್ಕೆಟ್, ಸೇಫ್ಟಿ ವಾಲ್ವ್, ಟ್ಯಾಂಕ್. ಪ್ರತಿಯೊಂದನ್ನೂ ಅಳೆದು ಅಥವಾ ಕಣ್ಣಾರೆ ನೋಡಿ ಸರಿಯಿದೆಯೋ ಇಲ್ಲವೋ ಹೇಳಬಹುದು. ಊಹೆ ಮಾಡಬೇಕಾದ ಅಗತ್ಯವೇ ಇಲ್ಲದ ಯಂತ್ರ ಇದು. ಇಲ್ಲೂ ಊಹೆಯ ಮೇಲೆ ಪಾರ್ಟ್ ಬದಲಿಸಿದರೆ ಅದಕ್ಕೆ ರಿಪೇರಿ ಅನ್ನಲಾಗದು.

ಮೊದಲು ಎಲಿಮೆಂಟ್. 230 ವೋಲ್ಟ್‌ಗೆ 2000 ವಾಟ್ ಎಂದು ಬರೆದಿರುವ ಎಲಿಮೆಂಟಿನ ಎರಡು ತುದಿಗಳ ನಡುವೆ ಸುಮಾರು 26 ಓಮ್ ರೆಸಿಸ್ಟೆನ್ಸ್ ಬರಬೇಕು. 3000 ವಾಟಿನದಾದರೆ 17ರಿಂದ 18. ವೋಲ್ಟೇಜಿನ ವರ್ಗವನ್ನು ವಾಟ್‌ನಿಂದ ಭಾಗಿಸಿದರೆ ಸಿಗುವ ಲೆಕ್ಕ ಅಷ್ಟೆ. ಪ್ಲಗ್ ಕಿತ್ತು, ಎಲಿಮೆಂಟಿನ ಒಂದು ವೈರ್ ಬಿಚ್ಚಿ, ಮೀಟರನ್ನು 200 ಓಮ್‌ಗೆ ಇಟ್ಟು ನೋಡಿ. 25, 26, 27 ಬಂದರೆ ಕಾಯಿಲ್ ಒಳಗೆ ತುಂಡಾಗಿಲ್ಲ. ಮೀಟರಿನಲ್ಲಿ ‘1’ ಅಥವಾ ‘ಓಎಲ್’ ಬಂದರೆ ಮಾತ್ರ ಹೋಗಿದೆ ಎಂದು ಅರ್ಥ. ಆಮೇಲೆ ಒಂದು ತುದಿಯಿಂದ ಎಲಿಮೆಂಟನ್ನು ಟ್ಯಾಂಕಿಗೆ ಬಿಗಿಯುವ ಲೋಹದ ತಟ್ಟೆಗೆ, ಅಂದರೆ ಫ್ಲ್ಯಾಂಜ್‌ಗೆ, ಅತಿ ಹೆಚ್ಚಿನ ರೇಂಜಿನಲ್ಲಿ ಅಳೆಯಬೇಕು. ಅಲ್ಲಿ ಏನೂ ತೋರಿಸಬಾರದು. ಕೆಲವು ಸಾವಿರ ಓಮ್ ತೋರಿಸಿದರೆ ಕವಚ ಬಿರುಕು ಬಿಟ್ಟು ನೀರು ಒಳಗೆ ಹೋಗಿದೆ. ಕಾಯಿಲ್ ಕಾಯುತ್ತದೆ, ಆದರೆ ನೀರಿಗೆ ಕರೆಂಟ್ ಬಿಡುತ್ತದೆ. ಅದನ್ನು ಬದಲಿಸಲೇಬೇಕು. ಎರಡೂ ಅಳತೆಗೆ ಐದು ನಿಮಿಷ ಸಾಕು.

ಟೆಸ್ಟರನ್ನು ನಂಬಿ ಕಾಯಿಲ್ ಹೋಗಿದೆ ಅನ್ನುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಸಾಕೆಟಿನಲ್ಲೋ ಪ್ಲಗ್ಗಿನಲ್ಲೋ ನ್ಯೂಟ್ರಲ್ ಬಿಟ್ಟುಹೋಗಿದ್ದರೆ ಎಲಿಮೆಂಟಿನ ಎರಡೂ ತುದಿಯಲ್ಲಿ ಟೆಸ್ಟರ್ ಉರಿಯುತ್ತದೆ. ಫೇಸ್ ಎಲಿಮೆಂಟಿನ ಮೂಲಕವೇ ಹಾದು ಇನ್ನೊಂದು ತುದಿಗೂ ಬಂದಿರುತ್ತದೆ, ವಾಪಸ್ ಹೋಗಲು ದಾರಿ ಇರುವುದಿಲ್ಲ. ಎರಡು ತುದಿಯಲ್ಲೂ ದೀಪ ಉರಿದರೆ ಕಾಯಿಲ್ ಒಳಗೆ ತುಂಡಾಗಿಲ್ಲ ಎಂದೇ ಅರ್ಥ. ಆದರೆ ‘ಸಪ್ಲೈ ಬರ್ತಿದೆ, ಬಿಸಿ ಆಗ್ತಿಲ್ಲ, ಕಾಯಿಲ್ ಹೋಗಿದೆ’ ಎಂಬ ತೀರ್ಮಾನಕ್ಕೆ ಬರುವವರೇ ಹೆಚ್ಚು. ಹೊಸ ಕಾಯಿಲ್ ಹಾಕುವಾಗ ವೈರ್ ಅಲುಗಾಡಿ ನ್ಯೂಟ್ರಲ್ ಮತ್ತೆ ತಾಗಿದರೆ ಗೀಜರ್ ಕೆಲಸ ಮಾಡುತ್ತದೆ, ಎಲ್ಲರಿಗೂ ಸಮಾಧಾನ. ತಿಂಗಳ ಬಳಿಕ ಅದೇ ಕಥೆ.

ಥರ್ಮೋಸ್ಟಾಟ್ ಮತ್ತು ಕಟ್‌ಔಟ್ ಪರೀಕ್ಷೆ ಇನ್ನೂ ಸುಲಭ. ಪ್ಲಗ್ ಕಿತ್ತು, ಮೀಟರನ್ನು ಸಂಪರ್ಕವಿದ್ದರೆ ಸದ್ದು ಮಾಡುವ ‘ಕಂಟಿನ್ಯುಟಿ’ಗೆ ಇಟ್ಟು ತಾಗಿಸಿದರೆ ತಣ್ಣಗಿರುವಾಗ ಎರಡರಲ್ಲೂ ಬೀಪ್ ಬರಬೇಕು. ಉದ್ದ ಕಡ್ಡಿಯ ಥರ್ಮೋಸ್ಟಾಟ್ ಆದರೆ ಹೊರಗೆ ಎಳೆದು, ಗುಂಡಿಯನ್ನು ಕಡಿಮೆ ಬಿಸಿಗೆ ತಿರುಗಿಸಿ, ಕಡ್ಡಿಯನ್ನಷ್ಟೇ ಬಿಸಿನೀರಿನಲ್ಲಿ ಅದ್ದಿ. ಟಕ್ ಎಂದು ಸದ್ದಾಗಿ ಬೀಪ್ ನಿಲ್ಲಬೇಕು. ಕಟ್‌ಔಟ್ ಮಧ್ಯೆ ಪುಟ್ಟ ಗುಂಡಿ ಇರುವ ಮಾಡೆಲ್‌ಗಳಲ್ಲಿ ಅದು ಹೊರಗೆ ಚಿಮ್ಮಿದ್ದರೆ ಒತ್ತಿದರೆ ಸಾಕು, ಗೀಜರ್ ಶುರುವಾಗುತ್ತದೆ. ಆದರೆ ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಅದು ಚಿಮ್ಮಿದ್ದೇಕೆ ಎಂದು ನೋಡಬೇಕು. ಒಂದೋ ಥರ್ಮೋಸ್ಟಾಟ್ ಅಂಟಿಕೊಂಡು ನೀರು ಮಿತಿಮೀರಿ ಕಾದಿದೆ, ಇಲ್ಲವೇ ಕಡ್ಡಿ ಕೂರುವ ಕೊಳವೆಗೆ ಸುಣ್ಣ ಕಟ್ಟಿ ನೀರಿನ ಬಿಸಿ ಅದಕ್ಕೆ ಗೊತ್ತಾಗುತ್ತಿಲ್ಲ. ಗುಂಡಿ ಒತ್ತಿ ಹಣ ತೆಗೆದುಕೊಂಡು ಹೊರಟವರು ಕೆಲಸ ಅರ್ಧ ಮಾಡಿದ್ದಾರೆ. ಕಟ್‌ಔಟನ್ನೇ ತೆಗೆದು ಎರಡು ವೈರ್ ನೇರ ಸೇರಿಸಿ ಹೊರಟವರು ಮನೆಯವರ ಜೀವದ ಮೇಲೆ ಪಣ ಕಟ್ಟಿದ್ದಾರೆ.

ಇವೆಲ್ಲ ಸರಿಯಿದ್ದು ಗೀಜರ್ ಕಾಯದಿದ್ದರೆ ಟರ್ಮಿನಲ್ ನೋಡಿ. 2000 ವಾಟಿನ ಗೀಜರ್ 8.7 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟಿಗೆ ಸಡಿಲ ಸ್ಕ್ರೂ ಎಂದರೆ ಅಲ್ಲೇ ಒಂದು ಸಣ್ಣ ಒಲೆ ಇದ್ದಂತೆ. ವೈರಿನ ತುದಿ ಕಪ್ಪಾಗಿ, ಪ್ಲಾಸ್ಟಿಕ್ ಸುಟ್ಟು, ಕೊನೆಗೆ ಸಂಪರ್ಕವೇ ಹೋಗುತ್ತದೆ. ಸುಟ್ಟ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ಸುಲಿದು, ಹೊಸ ಲಗ್ (ವೈರಿನ ತುದಿಗೆ ಹಾಕುವ ಲೋಹದ ಕ್ಲಿಪ್) ಹಾಕಿ ಕ್ರಿಂಪಿಂಗ್ ಟೂಲ್‌ನಲ್ಲಿ ಒತ್ತಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಅಮುಕಿದ ಲಗ್ ಬೇಗನೆ ಮತ್ತೆ ಸಡಿಲವಾಗುತ್ತದೆ. ಗೀಜರಿಗೆ 16 ಆಂಪಿಯರಿನ ಸಾಕೆಟ್ಟೇ ಬೇಕು. ಹತ್ತು ನಿಮಿಷ ಓಡಿಸಿ ಸ್ವಿಚ್ ಆರಿಸಿದ ಮೇಲೆ ಒಣಗಿದ ಕೈಯಿಂದ ಪ್ಲಗ್ ಮುಟ್ಟಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಸಾಕೆಟಿನ ಒಳಗಿನ ಹಿಡಿತ ಸಡಿಲವಾಗಿದೆ, ಸಾಕೆಟ್ ಬದಲಿಸಬೇಕು. ಈ ಪರೀಕ್ಷೆ ಮಾಡದೆಯೇ ಹೋಗುವವರು ಹೆಚ್ಚು.

‘ನೀರು ಲೇಟಾಗಿ ಕಾಯುತ್ತೆ’ ಅನ್ನುವ ದೂರಿಗೆ ಸಿಗುವ ಉತ್ತರ ‘ಕಾಯಿಲ್‌ಗೆ ಉಪ್ಪು ಕಟ್ಟಿದೆ’. ಇದು ಅರ್ಧ ಸತ್ಯ. ನೀರಿನಲ್ಲೇ ಮುಳುಗಿರುವ ಕಾಯಿಲ್ ಮೇಲೆ ಸುಣ್ಣ ಕಟ್ಟಿದರೂ ಬಿಸಿಗೆ ಹೋಗಲು ನೀರು ಬಿಟ್ಟು ಬೇರೆ ಜಾಗವಿಲ್ಲ, ಹಾಗಾಗಿ ಕಾಯುವ ಸಮಯ ಹೆಚ್ಚೇನೂ ಬದಲಾಗುವುದಿಲ್ಲ. ಆಗುವ ತೊಂದರೆ ಬೇರೆ. ಸುಣ್ಣದ ಹೊದಿಕೆಯೊಳಗೆ ಕಾಯಿಲ್ ತಾನೇ ಮಿತಿಮೀರಿ ಕಾದು ಬೇಗ ಸಾಯುತ್ತದೆ, ಕಾಯುವಾಗ ಚಟಪಟ ಸದ್ದು ಬರುತ್ತದೆ, ತಳದಲ್ಲಿ ಕೂತ ಚಕ್ಕೆಗಳಿಂದ ಬಕೆಟಿಗೆ ಸಿಗುವ ಬಿಸಿನೀರೇ ಕಡಿಮೆಯಾಗುತ್ತದೆ. ಲೆಕ್ಕ ಹಾಕಿ ನೋಡಿ: 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು 2000 ವಾಟಿಗೆ 18 ನಿಮಿಷ ಬೇಕು. ಸ್ವಲ್ಪ ನಷ್ಟ ಸೇರಿಸಿ 20 ಅನ್ನಿ. ನಿಮ್ಮದು 20 ನಿಮಿಷಕ್ಕೆ ಕಾಯುತ್ತಿದ್ದರೆ ಎಲಿಮೆಂಟ್ ಬದಲಿಸಿ ಏನೂ ಸಿಗದು. 25 ದಾಟಿದರೆ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ 200ಕ್ಕೆ ಇಳಿದರೆ 2000 ವಾಟಿನ ಕಾಯಿಲ್ ಕೊಡುವುದು ಸುಮಾರು 1500 ವಾಟ್ ಮಾತ್ರ. ಸಂಜೆ ಹೊತ್ತು ಲೈನ್ ಕುಸಿಯುವ ಊರುಗಳಲ್ಲಿ ನಿಧಾನಕ್ಕೆ ಕಾರಣ ಇದೇ. ಎಷ್ಟು ಹೊಸ ಕಾಯಿಲ್ ಹಾಕಿದರೂ ಅದು ಬದಲಾಗದು.

ಇನ್ನು ಸೋರಿಕೆ. ಇದರಲ್ಲಿ ಅವಸರ ಮಾಡಿದರೆ ಮೂರು ಸಲ ಕರೆಯಬೇಕಾಗುತ್ತದೆ. ಗೀಜರಿನ ಕೆಳಭಾಗ, ಪೈಪ್, ನಟ್ ಎಲ್ಲವನ್ನೂ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಪ್ರತಿ ಜೋಡಣೆಗೂ ಟಿಶ್ಯೂ ಕಾಗದ ಸುತ್ತಿ ಅರ್ಧ ಗಂಟೆ ಬಿಡಿ. ಮೊದಲು ಒದ್ದೆಯಾದ ಕಾಗದ ಜಾಗ ತೋರಿಸುತ್ತದೆ. ಕನೆಕ್ಷನ್ ಪೈಪಿನ ನಟ್ಟಿನಲ್ಲಿ ಸೋರುತ್ತಿದ್ದರೆ ಒಳಗಿನ ರಬ್ಬರ್ ವಾಷರ್ ಬದಲಿಸಬೇಕು. ಅಲ್ಲಿ ನೀರು ತಡೆಯುವುದು ವಾಷರ್, ಮರೆ (ಥ್ರೆಡ್) ಅಲ್ಲ. ಮರೆಗೆ ಎಷ್ಟು ಸುತ್ತು ಟೆಫ್ಲಾನ್ ಟೇಪ್ ಸುತ್ತಿದರೂ ಉಪಯೋಗವಿಲ್ಲ, ನಟ್ ಸೀಳುತ್ತದೆ ಅಷ್ಟೆ. ಟೇಪ್ ಬೇಕಾದದ್ದು ಗೋಡೆಯೊಳಗೆ ಹೋಗುವ ಆಂಗಲ್ ಕಾಕ್ (ಗೀಜರಿಗೆ ನೀರು ಬಿಡುವ ನಲ್ಲಿ) ಮತ್ತು ನಿಪ್ಪಲ್‌ಗಳಿಗೆ. ಅಲ್ಲೂ ಮರೆಯ ತುದಿ ನಿಮ್ಮ ಕಡೆಗಿದ್ದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಸುರುಳಿ ಬಿಚ್ಚಿಕೊಳ್ಳುತ್ತದೆ. ಫ್ಲ್ಯಾಂಜಿನ ಸುತ್ತ ಸೋರಿದರೆ ಗ್ಯಾಸ್ಕೆಟ್. ಹೊರಕವರಿನ ಸಂದಿನಿಂದ ತುಕ್ಕು ಬಣ್ಣದ ನೀರು ಜಿನುಗಿದರೆ ಟ್ಯಾಂಕ್ ತೂತಾಗಿದೆ. ಅದಕ್ಕೆ ಎಂ-ಸೀಲ್ ಮೆತ್ತಿಸಿ ದುಡ್ಡು ಕೊಡಬೇಡಿ, ಹೊಸ ಗೀಜರ್ ತನ್ನಿ.

ಸೇಫ್ಟಿ ವಾಲ್ವ್‌ನಿಂದ ಹನಿಯುವ ನೀರು ಮಾತ್ರ ಬೇರೆ ವಿಷಯ. 15 ಲೀಟರ್ ನೀರು 60 ಡಿಗ್ರಿಗೆ ಕಾಯುವಾಗ ಸುಮಾರು 200 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ನೀರು ವಾಪಸ್ ಹೋಗದಂತೆ ವಾಲ್ವ್ ತಡೆದಿರುವುದರಿಂದ ಹಿಗ್ಗಿದ್ದು ಹೊರಗೆ ಹನಿಯಲೇಬೇಕು. ಕಾಯುವಾಗ ಹನಿದು, ತಣ್ಣಗಾದ ಮೇಲೆ ನಿಂತರೆ ವಾಲ್ವ್ ಸರಿಯಿದೆ. ತಣ್ಣಗಿದ್ದಾಗಲೂ ಹನಿಯುತ್ತಿದ್ದರೆ ಅದರ ಪುಟ್ಟ ಲಿವರನ್ನು ಮೂರ್ನಾಲ್ಕು ಸಲ ಎತ್ತಿ ನೀರು ಹರಿಸಿ. ಸಿಕ್ಕಿಕೊಂಡ ಸುಣ್ಣದ ಚೂರು ಹೋಗುತ್ತದೆ. ಆಗಲೂ ನಿಲ್ಲದಿದ್ದರೆ ವಾಲ್ವ್ ಬದಲಿಸಿ. ‘ಲೀಕ್ ನಿಲ್ಲಿಸ್ತೀನಿ’ ಎಂದು ಅದರ ಬಾಯಿಗೆ ಡಮ್ಮಿ ಹಾಕಲು ಬಂದವರನ್ನು ಅಲ್ಲೇ ತಡೆಯಿರಿ. ಕೆಲವು ಮಾಡೆಲ್‌ಗಳಲ್ಲಿರುವ ಫ್ಯೂಸಿಬಲ್ ಪ್ಲಗ್‌ಗೂ ಇದೇ ಮಾತು. ಬಿಸಿ ಮಿತಿಮೀರಿದರೆ ಕರಗಿ ಆವಿಗೆ ದಾರಿ ಬಿಡುವ ಮಿಶ್ರಲೋಹ ಅದರೊಳಗಿದೆ. ಅದರ ಜಾಗಕ್ಕೆ ಮಾಮೂಲಿ ಬೋಲ್ಟ್ ಬಿಗಿದರೆ ಟ್ಯಾಂಕಿಗೆ ಉಸಿರಾಡುವ ಬಾಯಿ ಇಲ್ಲ.

ನೂರಕ್ಕೆ ನೂರು ಕಡೆಗಣನೆಗೆ ಒಳಗಾದ ಪಾರ್ಟ್ ಎಂದರೆ ಆನೋಡ್ ರಾಡ್. ಟ್ಯಾಂಕಿನ ಒಳಗಿನ ಗಾಜಿನಂಥ ಲೇಪದಲ್ಲಿ ಸೂಜಿಮೊನೆಯಷ್ಟು ಬಿರುಕು ಇದ್ದೇ ಇರುತ್ತದೆ. ಅಲ್ಲಿ ಉಕ್ಕು ತುಕ್ಕು ಹಿಡಿಯುವ ಬದಲು ಈ ಮೆಗ್ನೀಷಿಯಂ ಕಡ್ಡಿ ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ, ನಡುವಿನ ಉಕ್ಕಿನ ತಂತಿ ಕಾಣುತ್ತಿದ್ದರೆ ಬದಲಿಸಬೇಕು. ಇದನ್ನು ನೋಡದೆ ಮಾಡಿದ ಸರ್ವಿಸಿಗೆ ಹಣ ಕೊಡುವುದು ದಂಡ. ಕೆಲವು ಬೋರ್‌ವೆಲ್ ನೀರಿನಲ್ಲಿ ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ನೀರಿನ ಸಲ್ಫೇಟನ್ನು ಬದಲಿಸುವ ಬ್ಯಾಕ್ಟೀರಿಯಾಕ್ಕೆ ಮೆಗ್ನೀಷಿಯಂ ಇಂಬು ಕೊಡುವುದರಿಂದ ಹಾಗಾಗುತ್ತದೆ. ವಾಸನೆ ಹೋಗಲೆಂದು ಆನೋಡನ್ನೇ ಕಿತ್ತು ಬಿಸಾಡುವವರಿದ್ದಾರೆ. ವಾಸನೆ ಹೋಗುತ್ತದೆ, ಟ್ಯಾಂಕೂ ಹೋಗುತ್ತದೆ. ಅಂಥ ಕಡೆ ಅಲ್ಯುಮಿನಿಯಂ-ಸತುವಿನ ಆನೋಡ್ ಕೇಳಿ ಹಾಕಿಸಬೇಕು.

ಈಗ ‘ವಾರ್ಷಿಕ ಸರ್ವಿಸ್’ ಎಂದು ಮಾರುವ ಕೆಲಸದ ಮಾತು. ಕವರ್ ಬಿಚ್ಚಿ, ಹೊರಗೆ ಒರೆಸಿ, ಲಿವರ್ ಎತ್ತಿ ಸ್ವಲ್ಪ ನೀರು ಬಿಟ್ಟು ಇಪ್ಪತ್ತು ನಿಮಿಷಕ್ಕೆ ಮುಗಿಸಿದರೆ ಅದು ಸರ್ವಿಸ್ ಅಲ್ಲ. ನಿಜವಾದ ಸರ್ವಿಸಿಗೆ, ಕಾಯಿಲ್ ನೆನೆಸಿಡುವ ಹೊತ್ತು ಬಿಟ್ಟು, ಒಂದೂವರೆಯಿಂದ ಎರಡು ಗಂಟೆ ಬೇಕು, ಮತ್ತು ಕೈ ಪಳಗಿದ ಯಾರಾದರೂ ಮನೆಯಲ್ಲೇ ಮಾಡಬಹುದು. ಕುಡಿಯುವ ನೀರಿನ ಮಾನದಂಡವಾದ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ನಿಮ್ಮ ಬೋರ್ ಅಥವಾ ಟ್ಯಾಂಕರ್ ನೀರು 600ರ ಹತ್ತಿರವಿದ್ದರೆ ವರ್ಷಕ್ಕೊಮ್ಮೆ ಬಿಚ್ಚಲೇಬೇಕು. ಕಾವೇರಿ ನೀರಿನ ಮನೆಗೆ ಎರಡು ವರ್ಷಕ್ಕೊಮ್ಮೆ ಸಾಕು.

ಕ್ರಮ ಹೀಗಿದೆ. ಎಂಸಿಬಿ (ಮನೆಯ ಮುಖ್ಯ ಬೋರ್ಡಿನ ಸ್ವಿಚ್) ಇಳಿಸಿ, ಪ್ಲಗ್ ಕಿತ್ತು, ಬಿಸಿನೀರಿನ ನಲ್ಲಿ ಬಿಟ್ಟು ಟ್ಯಾಂಕ್ ತಣ್ಣಗಾಗುವವರೆಗೆ ಕಾಯಿರಿ. ಆಂಗಲ್ ಕಾಕ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟೇ ತಣ್ಣೀರಿನ ಕಡೆಯ ಪೈಪ್ ಮತ್ತು ಅಲ್ಲಿರುವ ಸೇಫ್ಟಿ ವಾಲ್ವ್ ಬಿಚ್ಚಿ ಬಕೆಟಿಗೆ ನೀರು ಬಸಿಯಿರಿ. ಮೇಲಿಂದ ಗಾಳಿ ಹೋಗದಿದ್ದರೆ ನೀರು ಇಳಿಯದು. ಬಿಚ್ಚುವ ಮೊದಲು ವೈರಿಂಗ್‌ನ ಫೋಟೊ ತೆಗೆದುಕೊಳ್ಳಿ. ಫ್ಲ್ಯಾಂಜಿನ ನಟ್‌ಗಳನ್ನು ಬಿಚ್ಚಿ ಎಲಿಮೆಂಟನ್ನು ನೇರವಾಗಿ ಕೆಳಗೆ ಎಳೆಯಿರಿ. ಕೆಳಗೊಂದು ಬಕೆಟ್ ಇರಲಿ, ಚಕ್ಕೆ ಸುಣ್ಣ ಸುರಿಯುತ್ತದೆ. ಟ್ಯಾಂಕಿನ ಒಳಗಿನದನ್ನು ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಸಡಿಲಿಸಿ ನೀರಿನಲ್ಲಿ ತೊಳೆಯಿರಿ. ಕಬ್ಬಿಣದ ಸರಳು ತಾಗಿಸಿದರೆ ಒಳಲೇಪ ಒಡೆಯುತ್ತದೆ. ಒಂದು ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ಎಲಿಮೆಂಟಿನ ಟರ್ಮಿನಲ್ ಹೊರಗಿರುವಂತೆ ಕಾಯಿಲ್ ಭಾಗವನ್ನಷ್ಟೇ ಒಂದೆರಡು ಗಂಟೆ ನೆನೆಸಿಡಿ. ಆನೋಡನ್ನು ಮೊದಲೇ ತೆಗೆದಿರಬೇಕು, ಆಮ್ಲ ಅದನ್ನು ತಿನ್ನುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ ಸುರಿಯಲು ಹೊರಟವರನ್ನು ತಡೆಯಿರಿ, ಅದು ಕವಚದ ಲೋಹವನ್ನೂ ಕೊರೆಯುತ್ತದೆ.

ಮತ್ತೆ ಜೋಡಿಸುವಾಗ ಹಳೆ ಗ್ಯಾಸ್ಕೆಟ್ ಬೇಡ. ಒಮ್ಮೆ ಅಮುಕಿ ಗಟ್ಟಿಯಾದ ರಬ್ಬರ್ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ನಟ್‌ಗಳನ್ನು ವೃತ್ತದಲ್ಲಿ ಒಂದರ ಹಿಂದೆ ಒಂದು ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಆಮೇಲೆ ಪ್ಲಗ್ ಹಾಕದೆ, ಬಿಸಿನೀರಿನ ನಲ್ಲಿ ತೆರೆದು ಟ್ಯಾಂಕ್ ತುಂಬಿಸಿ. ಗಾಳಿ ಗುಳುಗುಳು ಎಂದು ನಿಂತು ನೀರು ಒಂದೇ ಸಮ ಒಂದು ನಿಮಿಷ ಹರಿಯಬೇಕು. ನಲ್ಲಿ ಮುಚ್ಚಿ ಇಪ್ಪತ್ತು ನಿಮಿಷ ಸೋರಿಕೆ ನೋಡಿ. ಇನ್ನೊಮ್ಮೆ ಎಲಿಮೆಂಟಿನ ತುದಿಯಿಂದ ಲೋಹದ ಫ್ಲ್ಯಾಂಜಿನವರೆಗೆ ಅಳೆದು, ಕವರ್ ಹಾಕಿ, ಆಮೇಲೆ ಸ್ವಿಚ್. ಟ್ಯಾಂಕ್ ತುಂಬುವ ಮುನ್ನವೇ ‘ಟೆಸ್ಟ್ ಮಾಡ್ತೀನಿ’ ಎಂದು ಸ್ವಿಚ್ ಒತ್ತುವವರು ಹೊಸ ಕಾಯಿಲನ್ನು ಕ್ಷಣದಲ್ಲಿ ಸುಡುತ್ತಾರೆ, ಬಿಲ್ಲು ಮಾತ್ರ ನಿಮ್ಮದು.

ಅರ್ಥಿಂಗ್ ಬಗ್ಗೆ ರಾಜಿ ಬೇಡ. ನೀರು ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ಹೇಳಿದರೆ ‘ಅರ್ಥ್ ರಿಟರ್ನ್ ಬರ್ತಿದೆ’ ಎಂದು ಹಸಿರು ವೈರ್ ಕತ್ತರಿಸುವುದು ಈ ಕಸುಬಿನ ಅತ್ಯಂತ ಅಪಾಯಕಾರಿ ಚಾಳಿ. ಜುಮ್ ಎಂದರೆ ಸೋರುವ ಎಲಿಮೆಂಟ್, ಕೆಟ್ಟ ಅರ್ಥಿಂಗ್, ಹೆಚ್ಚಿನ ಸಲ ಎರಡೂ. ಎಂಸಿಬಿ ಇದಕ್ಕೆ ಬೀಳುವುದಿಲ್ಲ, ಅದು ಓವರ್‌ಲೋಡ್ ಮತ್ತು ಶಾರ್ಟ್‌ಗೆ ಮಾತ್ರ. ಬೇಕಾದದ್ದು ಕರೆಂಟ್ ಸೋರಿದ ಕೂಡಲೇ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೋ ಇಲ್ಲವೋ ನೋಡಿ.

ಮೂರು ಬಗೆಯ ಸರ್ವಿಸ್‌ಗಳಲ್ಲಿ ಯಾವುದು ವಾಸಿ? ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ಸೇ. ಟ್ಯಾಂಕಿಗೆ 5ರಿಂದ 7 ವರ್ಷ ವಾರಂಟಿ ಕೊಡುವ ಗೀಜರುಗಳು ಹಲವು, ಬೇರೆಯವರು ಬಿಚ್ಚಿದರೆ ಅದು ಹೋಗಬಹುದು. ಅವರ ಪಾರ್ಟ್ ಅಳತೆಗೆ ಸರಿಯಾಗಿ ಕೂರುತ್ತದೆ. ದೋಷವೆಂದರೆ ಅವಸರ, ಮತ್ತು ಪಾರ್ಟ್ ಮಾರಾಟದ ಒತ್ತಡ. ಆ್ಯಪ್ ಸರ್ವಿಸ್‌ನಲ್ಲಿ ದರಪಟ್ಟಿ ಮೊದಲೇ ಕಾಣುವುದು ಒಳ್ಳೆಯದು, ಆದರೆ ಪ್ರತಿ ಸಲ ಬೇರೆ ವ್ಯಕ್ತಿ ಬರುತ್ತಾರೆ, ಹಿಂದಿನವರು ಏನು ಮಾಡಿದರು ಎಂದು ಗೊತ್ತಿರುವುದಿಲ್ಲ. ಎಲ್ಲಕ್ಕೂ ಹೊಂದುವ ತಾಮ್ರದ ಕಾಯಿಲ್ ತಂದು ಹಾಕುತ್ತಾರೆ. ಗಡಸು ನೀರಿಗೆ ಗಾಜಿನ ಲೇಪದ್ದು ಅಥವಾ ಇಂಕಾಲಾಯ್ 800 ಕವಚದ್ದೇ ಕೇಳಿ, ವಾಟ್ ಹಳೆಯದರಷ್ಟೇ ಇರಲಿ. ಬೀದಿಯ ಎಲೆಕ್ಟ್ರಿಷಿಯನ್‌ಗೆ ನಿಮ್ಮ ಮನೆಯ ವೈರಿಂಗ್ ಗೊತ್ತು, ತಪ್ಪಾದರೆ ನಾಳೆ ಮತ್ತೆ ಬರುತ್ತಾರೆ. ಮೀಟರ್ ಇಟ್ಟುಕೊಂಡ ಬೀದಿ ಎಲೆಕ್ಟ್ರಿಷಿಯನ್ ಸಿಕ್ಕರೆ ಬಿಡಬೇಡಿ, ಈ ಮೂರರಲ್ಲಿ ಅವರೇ ಮೇಲು.

ಫ್ಯಾನು, ಮಿಕ್ಸಿಗಳಲ್ಲೂ ಇದೇ ಪಾಡು. ಫ್ಯಾನ್ ನಿಧಾನವಾದರೆ ಮೋಟಾರ್ ಸುತ್ತಿಸಲು ಕೊಂಡೊಯ್ಯುತ್ತಾರೆ. ಬಹುತೇಕ ಸಲ ಇಳಿದಿರುವುದು ಕೆಪಾಸಿಟರ್. ಮೇಲೆ 2.5 ಅಥವಾ 3.15 ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ, ಅದೇ ಮೌಲ್ಯದ್ದು ಹಾಕಿ. ಮಿಕ್ಸಿ ಏಕಾಏಕಿ ನಿಂತರೆ ತಳದಲ್ಲಿರುವ ಕೆಂಪು ಗುಂಡಿಯನ್ನು ಮೊದಲು ಒತ್ತಿ ನೋಡಿ. ಎಸಿಗೆ ವರ್ಷ ವರ್ಷ ‘ಗ್ಯಾಸ್ ತುಂಬಿಸಬೇಕು’ ಎನ್ನುವವರನ್ನು ಸೋರಿಕೆ ಎಲ್ಲಿ ಎಂದು ಕೇಳಿ. ಮುಚ್ಚಿದ ಕೊಳವೆಯೊಳಗಿನ ಗ್ಯಾಸ್ ತಾನಾಗಿ ಖರ್ಚಾಗುವುದಿಲ್ಲ.

ಸ್ವಂತ ಕೈಯಿಂದ ಮಾಡಲು ಹೊರಡುವವರಿಗೆ ಬೇಕಾದದ್ದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಕ್ರಿಂಪಿಂಗ್ ಟೂಲ್, ಅಳತೆಗೆ ಸರಿಯಾದ ಸ್ಪ್ಯಾನರ್ ಸೆಟ್. ಮನೆಯ ವೈರಿಂಗ್, ಅರ್ಥ್ ಗುಂಡಿಯ ಕೆಲಸಕ್ಕೆ ಲೈಸೆನ್ಸ್ ಇರುವವರನ್ನೇ ಕರೆಯಿರಿ. ಗ್ಯಾಸ್ ಗೀಜರನ್ನು ಮಾತ್ರ ಮುಟ್ಟಬೇಡಿ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಬಚ್ಚಲುಮನೆಯಲ್ಲಿ ಜೀವ ತೆಗೆಯುತ್ತದೆ.

ಯಾರನ್ನೇ ಕರೆದರೂ ಫೋನಿನಲ್ಲೇ ಕೇಳಿ: ‘ಮಲ್ಟಿಮೀಟರ್ ತರ್ತೀರಾ?’ ಬಂದ ಮೇಲೆ ‘ಎಷ್ಟು ಓಮ್ ಬಂತು, ತೋರಿಸಿ’ ಅನ್ನಿ. ಬಿಲ್ಲಿನಲ್ಲಿ ಪಾರ್ಟಿನ ಹೆಸರು, ವಾಟ್, ಎಷ್ಟು ದಿನದ ವಾರಂಟಿ ಎಂದು ಬರೆಸಿಕೊಳ್ಳಿ, ತೆಗೆದ ಹಳೆ ಪಾರ್ಟ್ ನಿಮ್ಮ ಹತ್ತಿರವೇ ಇರಲಿ. ಕೆಟ್ಟ ಕೆಲಸ ಮಾಡಿ ಫೋನ್ ಎತ್ತದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಿಪೇರಿಯಲ್ಲಿನ ಲೋಪವೂ ಸೇವಾ ನ್ಯೂನತೆಯೇ, ಮತ್ತು ಅಲ್ಲಿ ಆ ಬಿಲ್ಲು, ಆ ಹಳೆ ಪಾರ್ಟೇ ನಿಮ್ಮ ಸಾಕ್ಷಿ. ನಿಮ್ಮ ಮಾಡೆಲಿನ ಒಂದು ಗ್ಯಾಸ್ಕೆಟ್, ಒಂದು ಆನೋಡ್, ಎರಡು ರಬ್ಬರ್ ವಾಷರ್ ಮನೆಯಲ್ಲಿಟ್ಟುಕೊಳ್ಳಿ. ಆನೋಡ್ ಹಾಕಿದ ತಿಂಗಳು, ವರ್ಷವನ್ನು ಗೀಜರಿನ ಕೆಳಕವರಿನ ಮೇಲೆ ಮಾರ್ಕರಿನಲ್ಲಿ ಬರೆದಿಡಿ.